ಡಿಸ್ಚಾರ್ಜ್ ಚೀಟಿಯಲ್ಲಿ ಬಾಯಿಗೂ ಒಂದು ಪುಟ ಕೊಡಿ

ಇವರಿಗೆ,
ಜಿಲ್ಲಾ ಆರೋಗ್ಯ ಮತ್ತು ಕುಟುಂಬ ಕಲ್ಯಾಣಾಧಿಕಾರಿಗಳು,
ದಕ್ಷಿಣ ಕನ್ನಡ ಮತ್ತು ಉಡುಪಿ ಜಿಲ್ಲೆಗಳು

ವಿಷಯ: ರಕ್ತಕ್ಯಾನ್ಸರಿಗೆ ಕೀಮೋ ಪಡೆಯುತ್ತಿರುವ ಮಕ್ಕಳ ಬಾಯಿಹುಣ್ಣು ಮತ್ತು ಸೋಂಕು

ಮಾನ್ಯರೇ,

ನಮ್ಮ ಎರಡು ಜಿಲ್ಲೆಗಳಲ್ಲಿ ರಕ್ತಕ್ಯಾನ್ಸರಿನ ಮಗುವಿಗೆ ಕೀಮೋ ಸಿಗುವುದು ಮಂಗಳೂರಿನಲ್ಲಿ, ಇಲ್ಲವೇ ಮಣಿಪಾಲದಲ್ಲಿ. ಬಾಯಿ ಹುಣ್ಣಾಗುವುದು ಮಾತ್ರ ಬೈಂದೂರಿನಲ್ಲಿ, ಸುಳ್ಯದಲ್ಲಿ, ಬೆಳ್ತಂಗಡಿಯ ಒಳಗಿನ ಯಾವುದೋ ಮನೆಯಲ್ಲಿ. ಮದ್ದು ಒಳಗೆ ಹೋದ ದಿನ ಬಾಯಿಗೆ ಏನೂ ಆಗುವುದಿಲ್ಲ. ನಾಲ್ಕೈದು ದಿನಕ್ಕೆ ಕೆನ್ನೆಯ ಒಳಬದಿ ಕೆಂಪಾಗುತ್ತದೆ, 7ರಿಂದ 14ನೇ ದಿನದ ನಡುವೆ ಹುಣ್ಣು ಜೋರಾಗುತ್ತದೆ, ಎರಡು ಮೂರು ವಾರಕ್ಕೆ ಮಾಯುತ್ತದೆ. ರಕ್ತದ ಬಿಳಿಕಣ ತಳ ಹಿಡಿಯುವುದೂ ಹೆಚ್ಚುಕಡಿಮೆ ಅದೇ ದಿನಗಳಲ್ಲಿ. ಅಂದರೆ ಬಾಯಿಯ ಬಾಗಿಲು ತೆರೆದು ಬಿದ್ದಿರುವ ವಾರವೇ ಒಳಗೆ ಕಾವಲುಗಾರನೂ ಇಲ್ಲ, ಮಗುವೂ ಆಸ್ಪತ್ರೆಯಲ್ಲಿಲ್ಲ.

ಮಣಿಪಾಲದಲ್ಲಿ 1965ರಿಂದ ದಂತ ವೈದ್ಯಕೀಯ ಕಾಲೇಜಿದೆ. ಮಂಗಳೂರಿನಲ್ಲಿ, ದೇರಳಕಟ್ಟೆಯಲ್ಲಿ ಒಂದರ ಪಕ್ಕ ಒಂದು ಇವೆ. ಹಲ್ಲಿನ ವೈದ್ಯರಿಗೆ ಬರಗಾಲವಿಲ್ಲದ ಊರು ನಮ್ಮದು. ಆದರೂ ಮಗುವಿನ ಕೈಗೆ ಬರುವ ಡಿಸ್ಚಾರ್ಜ್ ಚೀಟಿಯಲ್ಲಿ ಬಾಯಿಯ ಬಗ್ಗೆ ಸಾಮಾನ್ಯವಾಗಿ ಕಾಣಿಸುವುದು ಒಂದೇ ಸಾಲು, ಅದೂ ಇಂಗ್ಲಿಷಿನಲ್ಲಿ. ಆ ಸಾಲಿನ ಜಾಗಕ್ಕೆ ಕನ್ನಡದ ಒಂದು ಪುಟ ಬರಲಿ ಎಂದು ಕೇಳುವುದಕ್ಕೇ ಈ ಪತ್ರ. ಪುಟದಲ್ಲಿ ಏನಿರಬೇಕು, ಯಾಕಿರಬೇಕು ಎಂಬುದನ್ನು ಕೆಳಗೆ ಬರೆದಿದ್ದೇವೆ. ತಾಲೂಕು ಆಸ್ಪತ್ರೆಯ ದಂತವೈದ್ಯರೂ ಮೆಡಿಕಲ್ ಅಂಗಡಿಯವರೂ ಮನೆಯವರೂ ಓದಲಿ ಎಂದೇ ಇದನ್ನು ಬಹಿರಂಗವಾಗಿ ಬರೆಯುತ್ತಿದ್ದೇವೆ.

ಮೊದಲು ಕಾರಣ. ನಮ್ಮ ಕಡೆ ಬಾಯಿಹುಣ್ಣು ಅಂದರೆ ‘ಉಷ್ಣ’. ಬೊಂಡ ಕುಡಿಸಿ, ಮಜ್ಜಿಗೆ ಕೊಡಿ, ನಾಲ್ಕು ದಿನಕ್ಕೆ ಹೋಗುತ್ತದೆ. ಕೀಮೋ ಹುಣ್ಣು ಉಷ್ಣದ್ದಲ್ಲ. ಬಾಯಿಯ ಒಳಚರ್ಮ ದಿನವೂ ಉದುರಿ ದಿನವೂ ಹುಟ್ಟುವಂಥದ್ದು, ಒಂದೆರಡು ವಾರದಲ್ಲಿ ಪೂರ್ತಿ ಹೊಸದಾಗುತ್ತದೆ. ಬೇಗ ಬೇಗ ಹೆಚ್ಚುವ ಕೋಶವನ್ನು ಹೊಡೆಯುವ ಮದ್ದಿಗೆ ಕ್ಯಾನ್ಸರಿನದು ಯಾವುದು, ಕೆನ್ನೆಯದು ಯಾವುದು ಎಂಬ ಭೇದವಿಲ್ಲ. ಮೆಥೊಟ್ರೆಕ್ಸೇಟ್, ಡೌನೊರುಬಿಸಿನ್, ಡಾಕ್ಸೊರುಬಿಸಿನ್, ಸೈಟರಾಬಿನ್ ಕೊಡುವ ಸುತ್ತುಗಳಲ್ಲಿ ಬಾಯಿ ಹೆಚ್ಚು ಸೋಲುತ್ತದೆ. ವಿನ್‌ಕ್ರಿಸ್ಟಿನ್‌ನದು ಬೇರೆ ಕತೆ. ಅದು ನರಕ್ಕೆ ತಗಲಿ ದವಡೆ ನೋವು ತರುತ್ತದೆ, ಹಲ್ಲೆಲ್ಲ ಸರಿಯಿದ್ದರೂ ಮಗು ಹಲ್ಲುನೋವು ಎಂದು ಅಳುತ್ತದೆ. ಆ ಅಳುವಿಗೆ ಹಲ್ಲು ಕೀಳಿಸಿದವರಿದ್ದಾರೆ. ನೋವು ಹಾಗೆಯೇ ಉಳಿಯಿತು, ಹಲ್ಲು ಹೋಯಿತು, ಜೊತೆಗೆ ಗಾಯವೊಂದು ಬಂತು.

ಪುಟದ ಮೊದಲ ಕೆಲಸ, ನೋಡುವುದನ್ನು ಕಲಿಸುವುದು. ದಿನಕ್ಕೊಮ್ಮೆ, ಕೈ ತೊಳೆದುಕೊಂಡು, ಮೊಬೈಲಿನ ಟಾರ್ಚ್ ಹಾಕಿ. ಕೆಳತುಟಿಯನ್ನು ಹೊರಕ್ಕೆ ಮಡಚಬೇಕು, ಎರಡೂ ಕೆನ್ನೆಯನ್ನು ಬೆರಳಿನಿಂದ ಸರಿಸಬೇಕು, ನಾಲಿಗೆ ಮೇಲೆತ್ತಿಸಿ ಅಡಿ ನೋಡಬೇಕು, ಕೊನೆಗೆ ‘ಆ’ ಅನ್ನಿಸಿ ಅಂಗುಳ. ಬರೀ ‘ಆ’ ಅನ್ನಿಸಿ ಬಿಟ್ಟರೆ ಕಾಣಬೇಕಾದ್ದರಲ್ಲಿ ಮುಕ್ಕಾಲು ಪಾಲು ತಪ್ಪಿಹೋಗುತ್ತದೆ. ಯಾಕೆಂದರೆ ಕೀಮೋ ಹುಣ್ಣು ಏಳುವುದು ಮೆತ್ತಗಿರುವ ಕಡೆ: ಕೆನ್ನೆಯ ಒಳಗೆ, ತುಟಿಯ ಒಳಗೆ, ನಾಲಿಗೆಯ ಅಂಚಿನಲ್ಲಿ, ಅಡಿಯಲ್ಲಿ. ಅದರ ಬದಲು ಗಟ್ಟಿ ಅಂಗುಳದ ಮೇಲೆ, ಒಸಡಿನ ಮೇಲೆ, ತುಟಿಯ ಅಂಚಿನಲ್ಲಿ ಸಾಸಿವೆ ಕಾಳಿನಷ್ಟು ಸಣ್ಣ ಹುಣ್ಣುಗಳು ಗುಂಪಾಗಿ ಎದ್ದಿದ್ದರೆ ಹರ್ಪಿಸ್ ವೈರಸ್ಸನ್ನು ಶಂಕಿಸಬೇಕು. ಅದಕ್ಕೆ ಎಸೈಕ್ಲೊವಿರ್ ಇದೆ, ಬೇಗ ಶುರುಮಾಡಿದಷ್ಟೂ ಒಳ್ಳೆಯದು. ಕೌಂಟ್ (ರಕ್ತದ ಬಿಳಿಕಣದ ಸಂಖ್ಯೆ) ತೀರಾ ಇಳಿದ ಮಗುವಿನಲ್ಲಿ ಈ ವೈರಸ್ ಬಾಯಿಯ ಎಲ್ಲೆಂದರಲ್ಲಿ ಏಳಬಹುದು, ಹಾಗಾಗಿ ಸಂಶಯವಿದ್ದರೆ ಪರೀಕ್ಷೆಗೆ ಕಳಿಸುವುದೇ ಸರಿ.

ಹಾಲಿನ ಕೆನೆಯಂತೆ, ಒಡೆದ ಮೊಸರಿನಂತೆ ಬಿಳಿ ಕಂಡರೆ ಒದ್ದೆ ಗಾಜ್ ಬಟ್ಟೆಯಿಂದ ಮೆಲ್ಲಗೆ ಒರಸಿ ನೋಡಬಹುದು. ಹಾಲಾದರೆ ಸುಲಭವಾಗಿ ಹೋಗುತ್ತದೆ, ಅಡಿಯ ಚರ್ಮ ಮಾಮೂಲಿನಂತಿರುತ್ತದೆ. ಕ್ಯಾಂಡಿಡಾ ಫಂಗಸ್ಸಾದರೆ ಬಿಳಿ ಏಳುವಾಗ ಅಡಿಯಲ್ಲಿ ಕೆಂಪಗೆ ಹಸಿಹಸಿಯಾಗಿರುತ್ತದೆ, ಕೆಲವೊಮ್ಮೆ ರಕ್ತ ಜಿನುಗುತ್ತದೆ. ಸ್ಟೀರಾಯ್ಡ್ ಮತ್ತು ಆಂಟಿಬಯೋಟಿಕ್ ಎರಡೂ ನಡೆಯುತ್ತಿರುವ ಮಗುವಿಗೆ ಇದು ಬರುವುದು ಹೆಚ್ಚು. ಇನ್ನೊಂದು ಇದೆ, ಅಪರೂಪದ್ದು, ಆದರೆ ಮರೆಯಬಾರದ್ದು: ಅಂಗುಳದಲ್ಲಿ ಅಥವಾ ಮೂಗಿನೊಳಗೆ ಕಪ್ಪು ಅಥವಾ ಬೂದು ಬಣ್ಣದ ಕಲೆ, ಮುಖದ ಒಂದು ಬದಿ ಊತ. ಕೋವಿಡ್ ಕಾಲದಲ್ಲಿ ‘ಬ್ಲ್ಯಾಕ್ ಫಂಗಸ್’ ಎಂದು ಊರೆಲ್ಲ ಕೇಳಿದ್ದು ಇದೇ ಮ್ಯೂಕರ್. ನಾಳೆ ನೋಡೋಣ ಎನ್ನುವ ಕಾಯಿಲೆಯಲ್ಲ, ಅದೇ ದಿನ, ಅದೇ ಗಳಿಗೆ ಹೊರಡಬೇಕು.

ಇಲ್ಲಿ ಅನುಭವಿ ವೈದ್ಯರೂ ಎಡವುವ ಜಾಗವೊಂದಿದೆ. ಕೀವು ಎಂದರೆ ಬಹುಪಾಲು ಸತ್ತ ನ್ಯೂಟ್ರೋಫಿಲ್‌ಗಳೇ, ಅಂದರೆ ಸೋಂಕಿನೊಡನೆ ಹೋರಾಡುವ ಒಂದು ಬಗೆಯ ಬಿಳಿಕಣ. ನ್ಯೂಟ್ರೋಫಿಲ್ಲೇ ಇಲ್ಲದ ಮಗುವಿಗೆ ಕೀವು ಎಲ್ಲಿಂದ ಬರಬೇಕು? ಹುಳುಕು ಹಲ್ಲಿನ ಬುಡದಲ್ಲಿ ಸೋಂಕು ಕೊತಕೊತ ಕುದಿಯುತ್ತಿದ್ದರೂ ಒಸಡು ಉಬ್ಬುವುದಿಲ್ಲ, ಕೆಂಪೂ ಅಷ್ಟಕ್ಕಷ್ಟೆ. ಕಾಣುವುದು ನೋವು, ಜ್ವರ ಎರಡೇ. ‘ಕೀವು ಇಲ್ಲ, ಊತ ಇಲ್ಲ, ಏನೂ ಆಗಿಲ್ಲ’ ಎಂದು ಬರೆದು ಕಳಿಸಿದ ಹಲ್ಲಿನಿಂದಲೇ ಬ್ಯಾಕ್ಟೀರಿಯಾ ರಕ್ತಕ್ಕೆ ಇಳಿದಿರುತ್ತದೆ. ಮುಂದೆ ಕೌಂಟ್ ಏರುವ ದಿನಗಳಲ್ಲಿ ಅದೇ ಜಾಗ ಒಮ್ಮೆಲೇ ಊದಿಕೊಂಡರೆ ಮನೆಯವರು ಹೆದರುತ್ತಾರೆ. ಆಗ ಊದಿದ್ದು ಹೊಸ ಸೋಂಕಿನಿಂದಲೇ ಆಗಬೇಕೆಂದಿಲ್ಲ, ಕಾವಲು ಮರಳಿ ಬಂದದ್ದರಿಂದಲೂ ಇರಬಹುದು. ತೋರಿಸಲೇಬೇಕು, ಅದು ಬೇರೆ ಮಾತು.

ಕೌಂಟ್ ಓದುವುದನ್ನೂ ಪುಟದಲ್ಲಿ ಹೇಳಿಕೊಡಬೇಕು. ಲ್ಯಾಬ್ ರಿಪೋರ್ಟಿನಲ್ಲಿ ಒಟ್ಟು ಬಿಳಿಕಣದ ಸಂಖ್ಯೆ ನೋಡಿ ನೆಮ್ಮದಿ ಪಡುವವರೇ ಹೆಚ್ಚು. ನೋಡಬೇಕಾದ್ದು ನ್ಯೂಟ್ರೋಫಿಲ್ ಎಷ್ಟು ಎಂಬುದನ್ನು. ಒಟ್ಟು 1,800, ಅದರಲ್ಲಿ ನ್ಯೂಟ್ರೋಫಿಲ್ ಶೇಕಡಾ 22 ಎಂದಿದ್ದರೆ 1,800ನ್ನು 22ರಿಂದ ಗುಣಿಸಿ 100ರಿಂದ ಭಾಗಿಸಿ: 396. ಇದು 500ಕ್ಕಿಂತ ಕಡಿಮೆ, ಅಂದರೆ ಅಪಾಯದ ಮಟ್ಟ. 1,800 ಎಂಬ ಅಂಕಿ ಆ ಮಾತನ್ನು ಹೇಳುವುದೇ ಇಲ್ಲ.

ಈ ಮಕ್ಕಳಿಗೆ 100.4 ಡಿಗ್ರಿ ಫ್ಯಾರನ್‌ಹೀಟ್ ಜ್ವರ ಎಂದರೆ ತುರ್ತು. ಆಸ್ಪತ್ರೆ ಮುಟ್ಟಿದ 60 ನಿಮಿಷದೊಳಗೆ ರಕ್ತನಾಳಕ್ಕೆ ಆಂಟಿಬಯೋಟಿಕ್‌ನ ಮೊದಲ ಡೋಸ್ ಬೀಳಬೇಕು, ಕಲ್ಚರ್‌ಗೆ (ಯಾವ ಬ್ಯಾಕ್ಟೀರಿಯಾ ಎಂದು ತಿಳಿಯುವ ಪರೀಕ್ಷೆಗೆ) ರಕ್ತ ತೆಗೆದುಕೊಂಡು, ರಿಪೋರ್ಟಿಗೆ ಕಾಯದೆ. ಥರ್ಮಾಮೀಟರನ್ನು ಹುಣ್ಣಾದ ಬಾಯಿಗೆ ಇಡುವುದು ಬೇಡ, ಗುದಕ್ಕಂತೂ ಬೇಡವೇ ಬೇಡ. ಕಂಕುಳಲ್ಲಿ ಇಡಿ, ಅಲ್ಲಿ ನಿಜಕ್ಕಿಂತ ತುಸು ಕಡಿಮೆಯೇ ತೋರಿಸುತ್ತದೆ ಎಂಬುದು ನೆನಪಿರಲಿ. ನೋಡುವ ಮೊದಲೇ ಪ್ಯಾರಾಸಿಟಮಾಲ್ ಕೊಟ್ಟರೆ ಜ್ವರ ಅಡಗುತ್ತದೆ, ಸೋಂಕು ಅಡಗುವುದಿಲ್ಲ. ಡೆಕ್ಸಾಮೆಥಾಸೋನ್ ಅಥವಾ ಪ್ರೆಡ್ನಿಸೊಲೋನ್ ಎಂಬ ಸ್ಟೀರಾಯ್ಡ್ ನಡೆಯುವ ವಾರಗಳಲ್ಲಿ ಜ್ವರವೇ ಬಾರದೆಯೂ ಸೋಂಕು ಏರಬಹುದು. ಆಗ ಮಗು ಮಂಕಾಗಿ ಮಲಗಿದೆ, ಕೈಕಾಲು ತಣ್ಣಗಿದೆ, ಮೂತ್ರ ಕಡಿಮೆಯಾಗಿದೆ ಎನ್ನುವುದೇ ಸೂಚನೆ.

ಹುಣ್ಣಿನ ಮಟ್ಟ ಅಳೆಯಲು ಮನೆಯಲ್ಲಿ ಯಾವ ಉಪಕರಣವೂ ಬೇಡ, ಬಟ್ಟಲು ನೋಡಿದರೆ ಸಾಕು. ವಿಶ್ವ ಆರೋಗ್ಯ ಸಂಸ್ಥೆಯ ಅಳತೆಯೂ ಇದನ್ನೇ ಹೇಳುತ್ತದೆ: ಉರಿ, ಕೆಂಪು ಇದ್ದರೆ 1. ಹುಣ್ಣಿದ್ದೂ ಇಡ್ಲಿ ತಿನ್ನುತ್ತದೆ ಎಂದರೆ 2. ಗಂಜಿತಿಳಿ ಮಾತ್ರ ಇಳಿಯುತ್ತದೆ ಎಂದರೆ 3. ಏನೂ ಇಳಿಯುವುದಿಲ್ಲ ಎಂದರೆ 4. ಮೂರಕ್ಕೆ ಮುಟ್ಟಿದರೆ ಫೋನ್ ಮಾಡಬೇಕು. ಎಂಜಲು ನುಂಗಲಾಗದೆ ಜೊಲ್ಲು ಸುರಿಸುತ್ತಿದ್ದರೆ, ಆರೆಂಟು ಗಂಟೆ ಮೂತ್ರ ಹೋಗದಿದ್ದರೆ ಹೊರಟೇ ಬಿಡಬೇಕು. ಮೂರು–ನಾಲ್ಕರ ನೋವಿಗೆ ಮಾರ್ಫಿನ್ ಬೇಕಾಗುತ್ತದೆ. ವಾರ್ಡಿನಲ್ಲಿ ಅಳತೆ ಮಾಡಿ ಕೊಡುವ ಮಾರ್ಫಿನ್‌ಗೆ ಮಗು ದಾಸನಾಗುವುದಿಲ್ಲ. ಈ ಹೆದರಿಕೆಯಿಂದ ಮಗುವನ್ನು ನರಳಿಸುವುದು ನಿಲ್ಲಬೇಕು.

ಇನ್ನು ಬ್ರಷ್. ‘ಪ್ಲೇಟ್‌ಲೆಟ್ (ರಕ್ತ ಹೆಪ್ಪುಗಟ್ಟಿಸುವ ಕಣ) ಕಡಿಮೆ ಇದೆ, ಬ್ರಷ್ ಮಾಡಿಸಬೇಡಿ’ ಎಂಬ ಮಾತು ಇನ್ನೂ ಅಲ್ಲಲ್ಲಿ ಕೇಳುತ್ತದೆ. ಹಳೆಯ ಮಾತು, ಬಿಟ್ಟುಬಿಡಬೇಕು. ಬ್ರಷ್ ನಿಂತ ಬಾಯಲ್ಲಿ ಎರಡು ಮೂರು ದಿನಕ್ಕೆ ಒಸಡಿನ ಅಂಚಿಗೆ ಕೊಳೆ ಕೂತು, ಒಸಡು ಬಾತು, ರಕ್ತ ಇನ್ನೂ ಹೆಚ್ಚು ಬರುತ್ತದೆ. ತೀರಾ ಮೆದು ಎಳೆಯ ಮಕ್ಕಳ ಬ್ರಷ್ಷನ್ನು ಬೆಚ್ಚಗಿನ ನೀರಲ್ಲಿ ಒಂದೆರಡು ನಿಮಿಷ ಅದ್ದಿಟ್ಟರೆ ಎಳೆ ಮತ್ತೂ ಮೆತ್ತಗಾಗುತ್ತದೆ. 3 ವರ್ಷದ ಒಳಗಿನವರಿಗೆ ಅಕ್ಕಿಕಾಳಿನಷ್ಟು, 3ರಿಂದ 6ರವರಿಗೆ ಬಟಾಣಿಯಷ್ಟು ಫ್ಲೋರೈಡ್ ಪೇಸ್ಟ್, ಖಾರ ಪುದೀನದ ರುಚಿ ಇಲ್ಲದ್ದು. ದಿನಕ್ಕೆ ಎರಡು ಸಲ ತಪ್ಪಬಾರದು, ರಾತ್ರಿಯದ್ದಂತೂ ಖಂಡಿತ. ಹುಣ್ಣು ಜೋರಾಗಿ ಬ್ರಷ್ ಮುಟ್ಟಲೇ ಆಗದ ದಿನಗಳಲ್ಲಿ ಗಾಜ್ ಬಟ್ಟೆ ಅದ್ದಿ ಹಲ್ಲು ಒರಸಿದರೂ ನಡೆಯುತ್ತದೆ, ಮಾಯುತ್ತಿದ್ದಂತೆ ಮತ್ತೆ ಬ್ರಷ್‌ಗೆ ಮರಳಬೇಕು. ಮಾವಿನ ಎಲೆ, ಇದ್ದಿಲು–ಉಪ್ಪು ಅಜ್ಜಿಗೆ ಆಗಿಬಂದಿರಬಹುದು, ಈ ಮಗುವಿಗೆ ತರಚುತ್ತದೆ. ಒಸಡಿನಿಂದ ರಕ್ತ ಬಂದರೆ ಒದ್ದೆ ಗಾಜ್ ಇಟ್ಟು 10 ನಿಮಿಷ ಒತ್ತಿ ಹಿಡಿಯಬೇಕು, ನಡುವೆ ತೆಗೆತೆಗೆದು ನೋಡಬಾರದು. ಆಮೇಲೂ ನಿಲ್ಲದಿದ್ದರೆ ಆಸ್ಪತ್ರೆ.

ನಮ್ಮ ಮಳೆಗಾಲದ್ದು ಪ್ರತ್ಯೇಕ ತೊಂದರೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬಚ್ಚಲಲ್ಲಿಟ್ಟ ಬ್ರಷ್ ಒಣಗುವುದೇ ಇಲ್ಲ. ಬೆಳಿಗ್ಗೆ ತೊಳೆದಿಟ್ಟದ್ದು ರಾತ್ರಿಗೂ ಪಸೆಪಸೆ. ಅದಕ್ಕೆ ಪ್ಲಾಸ್ಟಿಕ್ ಟೊಪ್ಪಿ ಹಾಕಿದರೆ ಫಂಗಸ್ಸಿಗೆ ಮನೆ ಕಟ್ಟಿಕೊಟ್ಟಂತೆ. ಮಗುವಿನ ಬ್ರಷ್ ಬಚ್ಚಲಿನಿಂದ ಹೊರಗೆ, ಗಾಳಿಯಾಡುವ ಕಡೆ, ತಲೆ ಮೇಲಾಗಿ, ಮನೆಯವರ ಬ್ರಷ್‌ಗಳಿಂದ ದೂರ ನಿಲ್ಲಬೇಕು. ಎರಡು ಬ್ರಷ್ ಇಟ್ಟು ಬೆಳಿಗ್ಗೆಗೊಂದು, ರಾತ್ರಿಗೊಂದು ಮಾಡಿದರೆ ಒಣಗಲು ಹೊತ್ತು ಸಿಗುತ್ತದೆ. ಬಾಯಿಯ ಸೋಂಕು ಬಂದು ಹೋದ ಮೇಲೆ ಹಳೆಯ ಬ್ರಷ್ ಎಸೆಯಬೇಕು.

ಬಾಯಿ ಮುಕ್ಕಳಿಸುವ ನೀರು ಮನೆಯಲ್ಲೇ ಆಗುತ್ತದೆ. ಕುದಿಸಿ ಆರಿಸಿದ ಒಂದು ಲೀಟರ್ ನೀರಿಗೆ ಅಡಿಗೆ ಸೋಡಾ ಒಂದು ಟೀ ಚಮಚ, ಉಪ್ಪು ಅರ್ಧ ಟೀ ಚಮಚ, ಎರಡೂ ಮಟ್ಟಸವಾಗಿ, ಗೋಪುರ ಮಾಡದೆ. ಬೇಕಿಂಗ್ ಪೌಡರ್ ಬೇರೆ, ಬಟ್ಟೆ ಒಗೆಯುವ ಸೋಡಾ ಬೇರೆ, ಅವೆರಡೂ ಕೂಡದು. ಉಪ್ಪು ಹೆಚ್ಚಾದರೆ ಹುಣ್ಣು ಉರಿಯುತ್ತದೆ, ಉರಿದ ಮಗು ಮರುದಿನ ಬಾಯಿ ತೆರೆಯುವುದಿಲ್ಲ. ಊಟವಾದ ಮೇಲೆ, ಮಲಗುವ ಮೊದಲು, ನಡುವೆ ಎರಡು ಮೂರು ಗಂಟೆಗೊಮ್ಮೆ ಮುಕ್ಕಳಿಸಿ ಉಗಿಯಬೇಕು, ನುಂಗಬಾರದು. ಉಗಿಯಲು ಬಾರದ ಪುಟ್ಟವರಿಗೆ ಅದೇ ನೀರಲ್ಲಿ ಗಾಜ್ ಅದ್ದಿ ಒರಸುವುದು. ಉಳಿದದ್ದನ್ನು ರಾತ್ರಿ ಚೆಲ್ಲಿ ಮರುದಿನ ಹೊಸದು ಮಾಡಬೇಕು. ಈ ನೀರು ಹುಣ್ಣು ಬಾರದಂತೆ ತಡೆಯುತ್ತದೆ ಎಂದು ಯಾರಿಗೂ ಮಾತು ಕೊಡಬೇಡಿ. ಬಾಯಿ ತೊಳೆಯುತ್ತದೆ, ಪಸೆ ಉಳಿಸುತ್ತದೆ, ಕೆಡುಕು ಮಾಡುವುದಿಲ್ಲ, ಅಷ್ಟು. ಇದರ ಬದಲು ಎಲ್ಲರಿಗೂ ಕ್ಲೋರ್‌ಹೆಕ್ಸಿಡಿನ್ ಬರೆಯುವ ಅಭ್ಯಾಸವಿದೆ. ಕೀಮೋ ಹುಣ್ಣು ತಡೆಯಲು ಅದನ್ನು ಈಗಿನ ಅಂತರರಾಷ್ಟ್ರೀಯ ಮಾರ್ಗಸೂಚಿಗಳು ಹೇಳುವುದಿಲ್ಲ. ಆಲ್ಕೋಹಾಲ್ ಇರುವ ಮೌತ್‌ವಾಶ್ ಅಂತೂ ಗಾಯಕ್ಕೆ ಸ್ಪಿರಿಟ್ ಸುರಿದಂತೆ.

ಮೆಡಿಕಲ್ ಅಂಗಡಿಯವರಲ್ಲಿ ವಿಶೇಷ ವಿನಂತಿ. ‘ಮಗುವಿಗೆ ಬಾಯಿಹುಣ್ಣು’ ಎಂದು ಬಂದವರನ್ನು ಮೊದಲು ಕೇಳಬೇಕಾದ ಪ್ರಶ್ನೆ ಒಂದೇ, ಕೀಮೋ ನಡೆಯುತ್ತಿದೆಯೇ? ಹೌದು ಎಂದರೆ ಕೌಂಟರಿನಿಂದ ಏನನ್ನೂ ಕೊಡಬೇಡಿ. ಹುಣ್ಣಿಗೆ ಹಚ್ಚುವ ಜೆಲ್ ಟ್ಯೂಬನ್ನು ತಿರುಗಿಸಿ ಹಿಂಬದಿಯ ಸಣ್ಣ ಅಕ್ಷರ ಓದಿ. ಎಷ್ಟೋ ಟ್ಯೂಬಿನಲ್ಲಿ ಕೋಲೀನ್ ಸ್ಯಾಲಿಸಿಲೇಟ್ ಇರುತ್ತದೆ. ಅದು ಆಸ್ಪಿರಿನ್‌ನ ದಾಯಾದಿ. ಬ್ರಿಟನ್ನಿನಲ್ಲಿ 2009ರಲ್ಲೇ 16 ವರ್ಷದೊಳಗಿನವರಿಗೆ ಬೇಡ ಎಂದಿದ್ದಾರೆ. ಐಬುಪ್ರೊಫೆನ್ ಕೂಡಿದ ನೋವಿನ ಸಿರಪ್ ಎರಡು ಕಡೆಯಿಂದ ಹೊಡೆಯುತ್ತದೆ: ಪ್ಲೇಟ್‌ಲೆಟ್ ಕೆಲಸ ಕೆಡಿಸುತ್ತದೆ, ಮೆಥೊಟ್ರೆಕ್ಸೇಟ್ ಮೂತ್ರದಲ್ಲಿ ಹೊರಹೋಗುವುದನ್ನು ತಡೆಯುತ್ತದೆ. ಒಳಗುಳಿದ ಮೆಥೊಟ್ರೆಕ್ಸೇಟ್ ಮತ್ತೆ ಬಾಯಿಯನ್ನೇ ಸುಡುತ್ತದೆ. ಬಾಯಿಹುಣ್ಣು ಅಂದ ಕೂಡಲೇ ಕೈಗೆ ಬರುವ ವಿಟಮಿನ್ ಗುಳಿಗೆಯಲ್ಲಿ ಫೋಲಿಕ್ ಆಸಿಡ್ ಇದ್ದರೆ ಅದು ಕೀಮೋ ಮದ್ದಿಗೆ ಎದುರು ನಿಲ್ಲಬಹುದು. ಇಟ್ರಕೊನಜೋಲ್‌ನಂಥ ಫಂಗಸ್ ಮದ್ದು ವಿನ್‌ಕ್ರಿಸ್ಟಿನ್ ಜೊತೆ ಬಿದ್ದರೆ ನರ ಸೋಲುತ್ತದೆ, ಮಲ ಕಟ್ಟಿ ಹೊಟ್ಟೆ ಉಬ್ಬುತ್ತದೆ. ಮರಗಟ್ಟಿಸುವ ಲಿಗ್ನೋಕೇನ್ ಜೆಲ್ಲನ್ನು ಊಟದ ಮುಂಚೆ ಧಾರಾಳ ಹಚ್ಚಿದರೆ ಗಂಟಲೂ ಮರಗಟ್ಟಿ ಅನ್ನ ಶ್ವಾಸಕ್ಕೆ ಹೋದೀತು. ಇನ್ನು ಮನೆಮದ್ದಿನ ಬಿಳಿಗಾರ–ಜೇನು. ಬಿಳಿಗಾರ ಎಂದರೆ ಬೊರಾಕ್ಸ್. ಹಸಿ ಬಾಯಿಂದ ಅದು ನೇರ ರಕ್ತಕ್ಕೆ ಸೇರುತ್ತದೆ, ದಯವಿಟ್ಟು ಬೇಡ.

ಹುಣ್ಣಿನ ಹಿಂದೆ ಒಮ್ಮೊಮ್ಮೆ ಗುಳಿಗೆಯ ಎಡವಟ್ಟೇ ಇರುತ್ತದೆ. ಚಿಕಿತ್ಸೆಯ ಕೊನೆಯ ದೊಡ್ಡ ಹಂತ ಮೇಂಟೆನೆನ್ಸ್. ಅದರಲ್ಲಿ 6-ಎಂಪಿ (ಮರ್ಕ್ಯಾಪ್ಟೊಪ್ಯೂರಿನ್) ಗುಳಿಗೆ ದಿನವೂ, ಮೆಥೊಟ್ರೆಕ್ಸೇಟ್ ಗುಳಿಗೆ ವಾರಕ್ಕೊಮ್ಮೆ. ಎರಡೂ ಒಂದೇ ಡಬ್ಬಿಯಲ್ಲಿ, ಎರಡೂ ಪುಟ್ಟ ಹಳದಿ ಗುಳಿಗೆ. ವಾರದ್ದನ್ನು ದಿನವೂ ನುಂಗಿಸಿದರೆ ಮೊದಲು ಸುದ್ದಿ ಕೊಡುವುದು ಬಾಯಿಯೇ. ಮೇಂಟೆನೆನ್ಸ್‌ನಲ್ಲಿರುವ ಮಗುವಿಗೆ ಇದ್ದಕ್ಕಿದ್ದಂತೆ ಬಾಯೆಲ್ಲ ಹುಣ್ಣಾದರೆ ಬಾಯಿ ನೋಡುವುದರ ಜೊತೆಗೆ ಸ್ಟ್ರಿಪ್ ತರಿಸಿ ಗುಳಿಗೆ ಎಣಿಸಬೇಕು. ಮೆಥೊಟ್ರೆಕ್ಸೇಟ್ ಸ್ಟ್ರಿಪ್ಪಿನ ಮೇಲೆ ‘ವಾರಕ್ಕೆ ಒಮ್ಮೆ ಮಾತ್ರ, ಗುರುವಾರ’ ಎಂದು ದಪ್ಪ ಕನ್ನಡ ಅಕ್ಷರದಲ್ಲಿ ಚೀಟಿ ಅಂಟಿಸಿ ಕೊಡುವುದಕ್ಕೆ ಇಲಾಖೆಗೆ ಆಗುವ ಖರ್ಚು ಪೈಸೆಗಳಲ್ಲಿ.

ತಾಲೂಕು ಆಸ್ಪತ್ರೆ ಮತ್ತು ಖಾಸಗಿ ಕ್ಲಿನಿಕ್ಕಿನ ದಂತವೈದ್ಯ ಮಿತ್ರರಿಗೆ: ಕೀಮೋ ಮಗು ಎಂದ ಕೂಡಲೇ ‘ನಮ್ಮಲ್ಲಿ ಆಗುವುದಿಲ್ಲ’ ಎಂದು ಕಳಿಸುವುದೂ ತಪ್ಪು, ಇಕ್ಕಳ ಎತ್ತುವುದೂ ತಪ್ಪು. 24 ಗಂಟೆಯೊಳಗಿನ ಕೌಂಟ್ ಕೇಳಿ. ನ್ಯೂಟ್ರೋಫಿಲ್ 1,000ಕ್ಕಿಂತ ಕಡಿಮೆ ಇದ್ದರೆ ತುರ್ತಲ್ಲದ ಕೆಲಸವೆಲ್ಲ ಮುಂದಕ್ಕೆ. ಪ್ಲೇಟ್‌ಲೆಟ್ 50,000ದ ಕೆಳಗಿದ್ದರೆ ಕೀಳುವುದಾಗಲಿ ಕೆಳದವಡೆಗೆ ಮರಗಟ್ಟಿಸುವ ಬ್ಲಾಕ್ ಇಂಜೆಕ್ಷನ್ ಆಗಲಿ ಬೇಡ, ಸೂಜಿ ಚುಚ್ಚಿದ ಆಳದಲ್ಲಿ ರಕ್ತ ಕಟ್ಟಿದರೆ ಒತ್ತಿ ನಿಲ್ಲಿಸಲು ಕೈ ಹೋಗುವುದಿಲ್ಲ. ಏನೇ ಮಾಡುವುದಿದ್ದರೂ ಮಗುವಿನ ಕ್ಯಾನ್ಸರ್ ವೈದ್ಯರಿಗೊಂದು ಫೋನ್ ಮಾಡಿ. ಅಲ್ಲಾಡುವ ಹಾಲುಹಲ್ಲು ತಾನಾಗಿ ಬೀಳಲಿ. ಇನ್ನೂ ಕಾಯಿಲೆ ಗೊತ್ತಾಗದ ಮಕ್ಕಳೂ ನಿಮ್ಮ ಕುರ್ಚಿಗೇ ಬರುತ್ತಾರೆ ಎಂಬುದನ್ನೂ ಹೇಳಬೇಕು. ಹಲ್ಲಿನಲ್ಲಿ ಕೊಳೆಯೇ ಇಲ್ಲದೆ ಒಸಡಲ್ಲಿ ರಕ್ತ, ಒಸಡು ಉಬ್ಬಿ ಹಲ್ಲನ್ನು ಮುಚ್ಚುತ್ತಿದೆ, ಮುಖ ಬಿಳಿಚಿದೆ, ಕಾಲಲ್ಲಿ ನೀಲಿ ಕಲೆ, ಬಿಟ್ಟು ಬಿಟ್ಟು ಜ್ವರ. ಇಂಥ ಮಗುವಿನ ಹಲ್ಲು ಮುಟ್ಟುವ ಮೊದಲು ರಕ್ತ ಪರೀಕ್ಷೆ ಮಾಡಿಸಿ.

ಊಟದ ಬಗ್ಗೆ ಚಿಕ್ಕದಾಗಿ: ಮೆತ್ತಗೆ ಬೆಂದ ಕುಚ್ಚಲಕ್ಕಿ ಗಂಜಿ, ನೀರುದೋಸೆ, ಇಡ್ಲಿ, ರಾಗಿ ಮಣ್ಣಿ, ಎಲ್ಲ ಉಗುರುಬೆಚ್ಚಗೆ. ಉಪ್ಪಿನಕಾಯಿ, ಪುನರ್ಪುಳಿ, ಹಲಸಿನ ಹಪ್ಪಳ, ಚಕ್ಕುಲಿ ಆ ದಿನಗಳಿಗೆ ಬೇಡ. ಮೀನು ಕೊಡುವವರು ಭೂತಾಯಿಯ ಸಣ್ಣ ಮುಳ್ಳನ್ನು ಮರೆಯಬೇಡಿ. ಸೀಲ್ ಇರುವ ಕಪ್ ಐಸ್‌ಕ್ರೀಮ್ ಬಾಯಿಗೆ ಹಿತ, ರಸ್ತೆ ಬದಿಯ ಐಸ್‌ಕ್ಯಾಂಡಿ ಬೇಡ. ಸಿಹಿ ಸಿರಪ್ ಕುಡಿದ ಮೇಲೆ ಬಾಯಿ ತೊಳೆಸದಿದ್ದರೆ ಚಿಕಿತ್ಸೆಯ ಎರಡು ಮೂರು ವರ್ಷದಲ್ಲಿ ಹಲ್ಲೆಲ್ಲ ಹುಳುಕು.

ನಾವು ಕೇಳುತ್ತಿರುವುದು ಹೊಸ ಕಟ್ಟಡವನ್ನಲ್ಲ. ಕಾಯಿಲೆ ಗೊತ್ತಾದ ಮೊದಲ ವಾರದಲ್ಲೇ ಪ್ರತಿ ಮಗುವಿನ ಬಾಯನ್ನು ದಂತವೈದ್ಯರೊಬ್ಬರು ನೋಡಿ ಫೈಲಿನಲ್ಲಿ ಬರೆಯಲಿ. ರಕ್ತಕ್ಯಾನ್ಸರಿನಲ್ಲಿ ಹಲ್ಲು ಸರಿಮಾಡಿ ಆಮೇಲೆ ಕೀಮೋ ಎಂದು ಕಾಯಲಾಗುವುದಿಲ್ಲ, ಆದರೆ ಯಾವ ಹಲ್ಲು ಯಾವಾಗ ತೊಂದರೆ ಕೊಡಬಹುದು ಎಂದು ಮೊದಲೇ ಗೊತ್ತಿದ್ದರೆ ಕೌಂಟ್ ಏರಿದ ವಾರವನ್ನು ಬಳಸಿಕೊಳ್ಳಬಹುದು. ಪ್ರತಿ ತಾಲೂಕು ಆಸ್ಪತ್ರೆಯ ದಂತವೈದ್ಯರಿಗೆ, ಡ್ಯೂಟಿ ಡಾಕ್ಟರಿಗೆ ಅರ್ಧ ದಿನದ ತರಬೇತಿ ಸಿಗಲಿ. ಜ್ವರ ಬಂದ ಕೀಮೋ ಮಗು ಚೀಟಿ ಮಾಡಿಸುವ ಸಾಲಿನಲ್ಲಿ ನಿಲ್ಲದಂತೆ ಫೈಲಿನ ಹೊದಿಕೆಗೆ ಒಂದು ಕೆಂಪು ಗುರುತು ಇರಲಿ, ಆ ಗುರುತಿನ ಅರ್ಥ ಗೇಟಿನ ವಾಚ್‌ಮನ್‌ಗೂ 108ರ ಸಿಬ್ಬಂದಿಗೂ ಗೊತ್ತಿರಲಿ. ಆಶಾ ಕಾರ್ಯಕರ್ತೆಯರು ಕೀಮೋ ಆದ ಎಂಟನೇ ದಿನ ಮನೆಗೆ ಫೋನ್ ಮಾಡಿ ‘ಮಗು ಏನು ತಿಂದಿತು?’ ಎಂದು ಕೇಳಿದರೆ ಸಾಕು, ಆ ಉತ್ತರದಲ್ಲೇ ಹುಣ್ಣಿನ ಮಟ್ಟ ತಿಳಿಯುತ್ತದೆ.

ಪುಟದ ಕರಡನ್ನು ನಾವೇ ಬರೆದುಕೊಡುತ್ತೇವೆ: ಒಂದು ಹಾಳೆ, ಎರಡು ಬದಿ, ದೊಡ್ಡ ಅಕ್ಷರ, ಬಾಯಿಯ ನಾಲ್ಕು ಚಿತ್ರ. ಓದಲು ಬಾರದವರಿಗೆ ತುಳು, ಬ್ಯಾರಿ, ಕೊಂಕಣಿಯಲ್ಲಿ ಓದಿ ಹೇಳುವ ಕೆಲಸ ಡಿಸ್ಚಾರ್ಜ್ ಮಾಡುವ ನರ್ಸ್‌ಗಳದು. ಕಾಸರಗೋಡಿನಿಂದ ಬರುವ ಮಕ್ಕಳಿಗೆ ಮಲಯಾಳದ ಪ್ರತಿಯೂ ಬೇಕಾಗುತ್ತದೆ. ಮೇ ತಿಂಗಳೊಳಗೆ ಮುದ್ರಣವಾದರೆ ಒಳ್ಳೆಯದು. ಮಳೆ ಹಿಡಿದ ಮೇಲೆ ಘಟ್ಟದ ಬುಡದ ಊರುಗಳಿಂದ ರಾತ್ರಿ ಹೊತ್ತು ಮಗುವನ್ನು ಕರೆತರುವುದು ಕಷ್ಟ, ಬ್ರಷ್ ಒಣಗದ ಕಾಲವೂ ಅದೇ.

ಇಂತಿ,
ಮಕ್ಕಳ ರಕ್ತಕ್ಯಾನ್ಸರ್ ಚಿಕಿತ್ಸೆಯಲ್ಲಿ ತೊಡಗಿರುವ ದಂತವೈದ್ಯರು, ನರ್ಸ್‌ಗಳು ಮತ್ತು ಫಾರ್ಮಸಿಸ್ಟರು
ಮಂಗಳೂರು – ಮಣಿಪಾಲ